ಸತಿಪತಿಗಳ ಸಾವಕಾಶದ ಸಂಚಾರ

ಗೃಹಸ್ಥರ ಬಾಳಿನಲ್ಲಿ ಪ್ರಯಾಣಗಳಿಗೆ ಕೊರತೆಯಿಲ್ಲ. ಮದುವೆ, ಕುಬಸ, ತೊಟ್ಟಿಲು, ಮನೆದೇವರ ಜಾತ್ರೆ, ಬೀಗರ ಮನೆಯ ಮಣ್ಣು, ಆಸ್ಪತ್ರೆ, ಕೋರ್ಟು, ನೋಂದಣಿ ಕಚೇರಿ ಎಂದು ವರ್ಷದಲ್ಲಿ ಹತ್ತಾರು ಸಲ ಗಂಡಹೆಂಡಿರು ಬಸ್ಸು ಹತ್ತಿ ಇಳಿಯುತ್ತಾರೆ. ಆದರೆ ಈ ಎಲ್ಲ ಪ್ರಯಾಣಗಳಲ್ಲಿಯೂ ಒಂದು ಕೆಲಸವು ಇಬ್ಬರ ನಡುವೆ ಬಂದು ಕುಳಿತಿರುತ್ತದೆ. ಹೋದ ಕೆಲಸವಾಯಿತೆಂದರೆ ಮರಳುವ ಆತುರ. ಕೊಟ್ಟಿಗೆಯಲ್ಲಿ ದನಗಳಿವೆ, ಹೊಲದಲ್ಲಿ ಆಳುಗಳಿದ್ದಾರೆ, ನಾಳೆ ಬೆಳಗ್ಗೆ ಮೊಮ್ಮಗನಿಗೆ ಡಬ್ಬಿ ಕಟ್ಟಬೇಕು. ಯಾವ ಕೆಲಸವೂ ಇಲ್ಲದೆ, ಯಾರ ಕರೆಯೂ ಇಲ್ಲದೆ, ಎರಡು ಮೂರು ದಿನ ಊರೂರು ಸುತ್ತಿ ಬಂದ ದಂಪತಿಗಳು ನಮ್ಮ ಓದುಗರ ಮನೆತನಗಳಲ್ಲಿ ಎಷ್ಟು ಮಂದಿ ಇದ್ದಾರು? ಐವತ್ತು ದಾಟಿದವರಲ್ಲಂತೂ ಬೆರಳೆಣಿಕೆಯಷ್ಟೇ ಎಂಬುದು ನಮ್ಮ ಊಹೆ.

ಈ ತಿಂಗಳು ಈ ವಿಷಯವನ್ನು ಎತ್ತಿಕೊಳ್ಳಲು ಒಂದು ಕಾರಣವುಂಟು. ಸೇಡಂ ಕಡೆಯ ಹಳ್ಳಿಯೊಂದರ ನಿವೃತ್ತ ಹೈಸ್ಕೂಲು ಶಿಕ್ಷಕರೊಬ್ಬರು ತಮ್ಮ ಪತ್ನಿಯೊಡನೆ ನಮ್ಮಲ್ಲಿಗೆ ಬಂದಿದ್ದರು. ಮದುವೆಯಾಗಿ ಮೂವತ್ತೆಂಟು ವರ್ಷಗಳಾಗಿವೆ. ಬೆಂಗಳೂರಿನಲ್ಲಿರುವ ಮಗ ತನ್ನ ಹಳೆಯ ಸಣ್ಣ ಕಾರನ್ನು ತಂದೆಗೆ ಬಿಟ್ಟುಕೊಟ್ಟು, ಕೈಯಲ್ಲಿಷ್ಟು ಹಣವನ್ನೂ ಇಟ್ಟು, ‘ಊಟಿಗೋ ಕೊಡೈಕನಾಲಿಗೋ ಹೋಗಿಬನ್ನಿ’ ಎಂದಿದ್ದನಂತೆ. ಅಷ್ಟು ದೂರದ ದಾರಿ, ಆ ಚಳಿ, ಮೊಣಕಾಲ ನೋವು ಇವುಗಳನ್ನು ನೆನೆದು ತಾಯಿ ಹಿಂಜರಿದಿದ್ದರು. ಇತ್ತ ಓಣಿಯ ಕೆಲವರು ‘ಈ ವಯಸ್ಸಿನಾಗ ಇದೇನು ಹುರುಪು’ ಎಂದು ನಗೆಯಾಡಿದ್ದರು. ಶಿಕ್ಷಕರ ಮನಸ್ಸಿನಲ್ಲಿ ಬೇರೊಂದು ಸಂಶಯವಿತ್ತು. ಕಾಯಕವೇ ದೊಡ್ಡದೆಂದು ನಂಬಿದ ಮನೆತನದವರು ಹೀಗೆ ವಿಹಾರಕ್ಕೆಂದು ದಿನಗಳನ್ನೂ ಹಣವನ್ನೂ ಕಳೆಯುವುದು ಸಲ್ಲುತ್ತದೆಯೇ ಎಂದು ಅವರು ಕೇಳಿದರು. ಆ ತಾಯಿ ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಏಳುವಾಗ ಮಾತ್ರ ಒಂದು ಮಾತು ಆಡಿದರು: “ಇಷ್ಟು ವರ್ಷ ನಾ ಅವರ ಹಿಂದ ನಡದೀನ್ರಿ ಗುರುಗಳೆ. ಜೋಡಿ ನಡದಿಲ್ಲ.”

ಈ ಮಾತಿಗೆ ಶಾಸ್ತ್ರದ ಉತ್ತರ ಬೇಕಾಗಿರಲಿಲ್ಲ. ಆದರೂ ಶಿಕ್ಷಕರ ಸಂಶಯ ನಿವಾರಣೆಗಾಗಿ ಎರಡು ಮಾತು ಹೇಳಿದೆವು. ಕಾಯಕವೆಂದರೆ ಎತ್ತಿನ ದುಡಿತವಲ್ಲ. ಎತ್ತಿಗೂ ನಾವು ನೊಗ ಇಳಿಸಿ ಕಾರಹುಣ್ಣಿಮೆ ಮಾಡುತ್ತೇವೆ. ದುಡಿದವರು ದಣಿವಾರಿಸಿಕೊಳ್ಳುವುದು ಕಾಯಕಕ್ಕೆ ಮಾಡುವ ದ್ರೋಹವಲ್ಲ. ಇನ್ನು ಗಂಡಹೆಂಡಿರ ಒಡನಾಟವೆಂಬುದು ಹರೆಯದವರಿಗಷ್ಟೇ ಮೀಸಲಾದ ವಿಷಯವೂ ಅಲ್ಲ. ಹರೆಯದಲ್ಲಿ ಮಕ್ಕಳಿಗಾಗಿ, ಅತ್ತೆಮಾವಂದಿರಿಗಾಗಿ, ಸಾಲ ತೀರಿಸುವುದಕ್ಕಾಗಿ ಇಬ್ಬರೂ ಓಡುತ್ತಿರುತ್ತಾರೆ. ಒಬ್ಬರ ಮುಖವನ್ನು ಒಬ್ಬರು ನಿಂತು ನೋಡಲು ಬಿಡುವು ದೊರೆಯುವುದು ಅರವತ್ತರ ಸುಮಾರಿಗೆ. ಆಗಲೂ ನೋಡದಿದ್ದರೆ ಮತ್ತೆ ಯಾವಾಗ?

ಊಟಿಯ ಬದಲಿಗೆ ನಾವು ಅವರಿಗೆ ಸೂಚಿಸಿದ್ದು ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ಊರುಗಳ ದಾರಿಯನ್ನು. ಇದನ್ನೋದಿ ಕೆಲವರಿಗೆ ನಗೆ ಬಂದೀತು. ಊಟಿಯು ಸಮುದ್ರ ಮಟ್ಟದಿಂದ 2200 ಮೀಟರಿಗೂ ಎತ್ತರದಲ್ಲಿದೆ. ಯಾದಗಿರಿ 400 ಮೀಟರನ್ನೂ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟಿ ಕಲ್ಲನ್ನೂ ಕಾಯಿಸುತ್ತದೆ. ಮಂಜು, ಚಹದ ತೋಟ ಯಾವುದೂ ಇಲ್ಲಿಲ್ಲ. ಆದರೆ ಉತ್ತರದ ಎರೆಭೂಮಿಯ ಬಯಲು ಮುಗಿದು ಕಗ್ಗಲ್ಲಿನ ಬೆಟ್ಟಗಳು ಏಳತೊಡಗುವುದು ಈ ಸೀಮೆಯಲ್ಲಿಯೇ. ಒಂದರ ಮೇಲೊಂದು ಪೇರಿಸಿಟ್ಟಂತಿರುವ ದುಂಡು ಬಂಡೆಗಳು, ಅವುಗಳ ಸಂದಿಯಲ್ಲಿ ಕೋಟೆ ಕೊತ್ತಲಗಳು, ಬುಡದಲ್ಲಿ ಊರು, ಊರಾಚೆ ಕೆರೆ, ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ಮಳೆಗಾಲ ಮುಗಿದ ಮೇಲೆ ಕಾರ್ತಿಕದಿಂದ ಮಾಘದವರೆಗೆ ಈ ಸೀಮೆಯ ಚೆಲುವನ್ನು ಕಂಡವರು ಬೇರೆ ಗಿರಿಧಾಮಗಳಿಗಾಗಿ ಹಂಬಲಿಸಬೇಕಾಗಿಲ್ಲ. ಯಾದಗಿರಿಯಿಂದ ಶಹಾಪುರ ಸುಮಾರು 35 ಕಿ.ಮೀ., ಅಲ್ಲಿಂದ ಸುರಪುರ ಸುಮಾರು 25 ಕಿ.ಮೀ. ಅವಸರದವರಿಗೆ ಇದು ಒಂದೂವರೆ ತಾಸಿನ ದಾರಿ. ‘ಇದನ್ನು ಮೂರು ದಿನ ಮಾಡಿರಿ’ ಎಂದು ಹೇಳಿ, ನೋಡಬಹುದಾದ ಸ್ಥಳಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆವು. ಅವರು ಎಳ್ಳಮಾವಾಸ್ಯೆಗೆ ಹತ್ತು ದಿನ ಮುಂಚೆ ಹೊರಟರು. ಮರಳಿದ ಮೇಲೆ ಬಂದು ಎಲ್ಲವನ್ನೂ ಹೇಳಿದರು. ಹೆಸರು ಬೇಡವೆಂಬ ಕರಾರಿನ ಮೇಲೆ ಇಲ್ಲಿ ಬರೆಯಲು ಅನುಮತಿಯನ್ನೂ ಕೊಟ್ಟರು.

ಮೊದಲ ತೊಡಕು ಹೊರಡುವ ಮುನ್ನವೇ ಎದುರಾಯಿತು. ಯಾದಗಿರಿಯಲ್ಲಿ ಬೀಗರ ಮನೆಯಿದೆ, ಅಲ್ಲಿಯೇ ಇಳಿಯೋಣವೆಂದು ಶಿಕ್ಷಕರು ಹೇಳಿದ್ದರು. ವಸತಿಗೃಹದ ಖರ್ಚೂ ಉಳಿಯುತ್ತದೆ, ಸಂಬಂಧವೂ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಆ ತಾಯಿ ಒಪ್ಪಲಿಲ್ಲ. “ಬೀಗರ ಮನಿಗೆ ಹೋದ್ರ ನೀವು ಪಡಸಾಲ್ಯಾಗ ಕೂಡ್ತೀರಿ, ನಾ ಒಲಿ ಮುಂದ ಕೂಡ್ತೀನಿ. ಅದಕ್ಕ ಅಲ್ಲಿತನಕ ಯಾಕ ಹೋಗಬೇಕು?” ಎಂದರಂತೆ. ಈ ಪ್ರಶ್ನೆಯನ್ನು ನಮ್ಮ ಓದುಗರಲ್ಲಿ ಗಂಡಸರಾದವರು ಎರಡು ಸಲ ಓದಬೇಕೆಂದು ಕೋರುತ್ತೇವೆ. ನಾವು ಕುಟುಂಬ ಸಮೇತ ಪ್ರವಾಸವೆಂದು ಕರೆಯುವುದರಲ್ಲಿ ಬಹಳಷ್ಟು ಹೆಣ್ಣುಮಕ್ಕಳ ಪಾಲಿಗೆ ಅಡುಗೆಮನೆಯು ಒಂದೂರಿನಿಂದ ಇನ್ನೊಂದೂರಿಗೆ ಬದಲಾಗುತ್ತದೆ, ಅಷ್ಟೇ. ಅವರು ಒಂದು ಸಾಧಾರಣ ವಸತಿಗೃಹದಲ್ಲಿ ಇಳಿದರು. ಬೀಗರು ಸ್ವಲ್ಪ ಮುನಿಸಿಕೊಂಡರಂತೆ. ಆ ಮುನಿಸು ಹಬ್ಬದ ಹೊತ್ತಿಗೆ ಇಳಿಯಿತು.

ಯಾದಗಿರಿಯ ಕೋಟೆ ಊರ ನಡುವಿನ ಗುಡ್ಡದ ಮೇಲಿದೆ. ಯಾದವರಿಂದ ಈ ಊರಿಗೆ ಯಾದವಗಿರಿ ಎಂಬ ಹೆಸರು ಬಂದಿತೆಂಬ ಪ್ರತೀತಿಯುಂಟು. ಕಲ್ಯಾಣದ ಚಾಲುಕ್ಯರು, ಯಾದವರು, ಬಹಮನಿಗಳು, ಆದಿಲಶಾಹಿಗಳು, ಕೊನೆಗೆ ಹೈದರಾಬಾದಿನ ನಿಜಾಮರು ಎಂದು ಆಳಿದವರ ಸಾಲು ಉದ್ದವಾಗಿದೆ. ಗುಡ್ಡದ ಮೈಯನ್ನೇ ಗೋಡೆಯಾಗಿ ಬಳಸಿಕೊಂಡು, ಬಂಡೆಯಿಂದ ಬಂಡೆಗೆ ಕಲ್ಲು ಕಟ್ಟಿ, ಸುತ್ತು ಸುತ್ತಾಗಿ ಕೋಟೆ ಏರುತ್ತದೆ. ಮೇಲೆ ಗುಡಿಯೂ ಉಂಟು, ಮಸೀದಿಯೂ ಉಂಟು, ಮಳೆಯ ನೀರು ಹಿಡಿದಿಡುವ ಹೊಂಡಗಳೂ ಉಂಟು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಡಳಿತ ಕೊನೆಗೊಂಡು, 1956ರಲ್ಲಿ ಕನ್ನಡ ನಾಡಿನೊಡನೆ ಕೂಡಿಕೊಂಡ ಈ ಸೀಮೆಯು 2009ರಲ್ಲಿ ಗುಲಬರ್ಗಾ ಜಿಲ್ಲೆಯಿಂದ ಬೇರೆಯಾಗಿ ತಾನೇ ಒಂದು ಜಿಲ್ಲೆಯಾಯಿತು.

ಬೆಳಗಿನ ಎಂಟು ಗಂಟೆಗೆ ಇಬ್ಬರೂ ಹತ್ತತೊಡಗಿದರು. ರೂಢಿಯಂತೆ ಶಿಕ್ಷಕರು ಮುಂದೆ, ಆಕೆ ಹಿಂದೆ. ಶಿಕ್ಷಕರು ಮೇಲಿನ ಬಾಗಿಲನ್ನು ಮುಟ್ಟಿ, ತಿರುಗಿ, ‘ಇಲ್ಲಿ ನೋಡು’ ಎಂದರೆ ನೋಡಲು ಯಾರೂ ಇರಲಿಲ್ಲ. ಅರ್ಧ ದಾರಿಯಲ್ಲಿ ಒಂದು ಬಂಡೆಯ ಮೇಲೆ ಆಕೆ ಮೊಣಕಾಲು ನೀಡಿ ಕುಳಿತಿದ್ದರು. ‘ನೀವು ನೋಡಿ ಬರ್ರಿ, ನಾ ಇಲ್ಲೇ ಇರ್ತೀನಿ’ ಎಂದು ಕೈ ಬೀಸಿದರು. ಇಷ್ಟು ವರ್ಷ ಅವರು ಹಾಗೆಯೇ ನೋಡಿ ಬರುತ್ತಿದ್ದರು. ಅಂದು ಮಾತ್ರ ಕೆಳಗಿಳಿದು ಬಂದು ಪಕ್ಕದಲ್ಲಿ ಕುಳಿತರು. ಕೋಟೆಯ ತುದಿಯನ್ನು ಇಬ್ಬರೂ ನೋಡಲಿಲ್ಲ. ಆದರೆ ಆ ಬಂಡೆಯ ಮೇಲಿನಿಂದ ಊರಾಚೆ ಭೀಮೆಯ ಬಿಳಿಯ ಗೆರೆ ಕಾಣುತ್ತಿತ್ತು.

ಆ ತಾಯಿಯ ತವರು ಭೀಮೆಯ ದಂಡೆಯ ಒಂದು ಹಳ್ಳಿ. ಮದುವೆಯಾಗಿ ನಾಲ್ಕನೆಯ ವರ್ಷ ಆಕೆಯ ತಾಯಿ ಹಾಸಿಗೆ ಹಿಡಿದಿದ್ದರು. ಸುದ್ದಿ ಬಂದಾಗ ಗಂಡನ ಮನೆಯಲ್ಲಿ ನಾದಿನಿಯ ಮದುವೆಯ ಹಂದರ ಹಾಕಿತ್ತು. ಹಿರಿಯರು ‘ಅಕ್ಷತೆ ಮುಗಿಯಲಿ’ ಎಂದರು. ಅಕ್ಷತೆ ಮುಗಿದು ಆಕೆ ತವರು ಮುಟ್ಟುವಾಗ ತಾಯಿಯ ಮಣ್ಣಾಗಿ ಮೂರು ದಿನಗಳಾಗಿದ್ದವು. ಇಷ್ಟನ್ನು ಶಿಕ್ಷಕರೂ ಬಲ್ಲರು. ಅವರು ಅರಿಯದೆ ಇದ್ದದ್ದು ಬೇರೆ. ಅಂದಿನಿಂದ ಇಂದಿನವರೆಗೆ ಬಸ್ಸು ಭೀಮೆಯ ಸೇತುವೆ ದಾಟುವಾಗಲೆಲ್ಲ ಆಕೆ ತವರಿನ ದಿಕ್ಕಿನ ಕಿಟಕಿಯಿಂದ ಮುಖ ತಿರುಗಿಸಿಕೊಳ್ಳುತ್ತಿದ್ದರು. ‘ಆ ಕಡಿ ಸೀಟು ಬ್ಯಾಡ, ಬಿಸಲು ಬೀಳ್ತದ’ ಎಂದು ಆಕೆ ಹೇಳುತ್ತಿದ್ದುದು ಅವರಿಗೆ ಚೆನ್ನಾಗಿ ನೆನಪಿತ್ತು. ಬಿಸಿಲಿಗಾಗಿ ಅಲ್ಲವೆಂಬುದು ಮೂವತ್ತನಾಲ್ಕು ವರ್ಷಗಳ ಮೇಲೆ, ಆ ಬಂಡೆಯ ಮೇಲೆ ಕುಳಿತಾಗ ತಿಳಿಯಿತು. ಆಕೆ ಅತ್ತು ಹೇಳಲಿಲ್ಲವಂತೆ. ನದಿಯ ಕಡೆ ಕೈಮಾಡಿ, “ಆ ಹೊಳಿ ದಂಡಿ ಹಿಡಕೊಂಡು ಹೋದ್ರ ನಮ್ಮೂರು” ಎಂದಷ್ಟೇ ಮಾತು ಆರಂಭಿಸಿದರಂತೆ.

ಮರುದಿನ ನಮ್ಮ ಹಾಳೆಯಲ್ಲಿದ್ದ ಮೈಲಾಪುರದ ಬೆಟ್ಟವನ್ನೂ ಹತ್ತಿಕುಣಿಯ ಜಲಾಶಯವನ್ನೂ ಬಿಟ್ಟು ಅವರು ನದಿಯ ಕಡೆ ಹೊರಟರು. ಸೇತುವೆಯ ಬಳಿ ಗಾಡಿ ನಿಲ್ಲಿಸಿ, ಇಳಿದು, ನೀರು ಮುಟ್ಟಿ, ಬಳಿಕ ಆ ಹಳ್ಳಿಯ ದಾರಿ ಹಿಡಿದರು. ತವರುಮನೆಗೆ ಈಗ ಬೀಗ ಹಾಕಿದೆ. ಅಣ್ಣತಮ್ಮಂದಿರು ಪುಣೆ ಸೇರಿದ್ದಾರೆ. ಹೊಲದ ಬದುವಿನಲ್ಲಿ ತಾಯಿಯ ಸಮಾಧಿಯಿದೆ. ಬೆಳೆದ ಜಾಲಿಯನ್ನು ಶಿಕ್ಷಕರು ತಾವೇ ಸವರಿದರು. ಇಬ್ಬರೂ ಕೂಡಿ ವಿಭೂತಿ ಧರಿಸಿ, ಪತ್ರೆ ಏರಿಸಿ, ಕಟ್ಟಿಕೊಂಡು ಹೋಗಿದ್ದ ಬುತ್ತಿಯನ್ನು ಅಲ್ಲಿಯೇ ಉಂಡರು. ಅರ್ಧ ದಿನ ಅಲ್ಲಿಯೇ ಕಳೆಯಿತು. ಮೂರು ದಿನದ ಪ್ರವಾಸ ನಾಲ್ಕು ದಿನವಾದದ್ದು ಹೀಗೆ. ಕೆಲಸವಿಟ್ಟುಕೊಂಡು ಹೋದ ಯಾವ ಪ್ರಯಾಣದಲ್ಲಿಯೂ ಈ ಅರ್ಧ ದಿನ ಅವರಿಗೆ ದೊರೆಯುತ್ತಿರಲಿಲ್ಲ.

ಯಾದಗಿರಿಯಿಂದ ಶಹಾಪುರದ ದಾರಿಯು ಭೀಮೆಯನ್ನು ದಾಟಿ, ದೋರನಹಳ್ಳಿಯ ಮೇಲೆ ಹಾದು, ಹತ್ತಿ, ತೊಗರಿ, ಭತ್ತದ ಹೊಲಗಳ ನಡುವೆ ಸಾಗುತ್ತದೆ. ಇಲ್ಲಿ ಭತ್ತವೆಲ್ಲಿಂದ ಬಂತೆಂದು ಹೊಸಬರು ಕೇಳಿಯಾರು. 1964ರಲ್ಲಿ ಲಾಲ್‌ಬಹಾದುರ ಶಾಸ್ತ್ರಿಯವರು ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ಫಲವದು. 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಅಣೆಕಟ್ಟು, ಅಂದರೆ ಬಸವಸಾಗರ, 10 ಕಿ.ಮೀ.ಗಿಂತ ಉದ್ದವಾಗಿದೆ. ಅದರ ಎಡದಂಡೆಯ ಕಾಲುವೆ ಈ ಸೀಮೆಯ ಮಣ್ಣಿನ ಬಣ್ಣವನ್ನೇ ಬದಲಿಸಿತು. ಬರಗಾಲದಲ್ಲಿ ಗುಳೆ ಹೋಗುತ್ತಿದ್ದ ಹೊಲಗಳಲ್ಲಿ ಇಂದು ಎರಡು ಬೆಳೆ ನಿಂತಿರುವುದನ್ನು ಕಾಣುವಾಗ, ಅದೇ ಸೀಮೆಯಲ್ಲಿ ದುಡಿದು ಮುದುಕರಾದ ದಂಪತಿಗಳಿಗೆ ಹೇಳಿಕೊಳ್ಳಲು ಬೇಕಾದಷ್ಟು ಮಾತಿರುತ್ತದೆ.

ಶಹಾಪುರವನ್ನು ಸಂಜೆಯ ಹೊತ್ತಿಗೆ ಸೇರುವುದು ಒಳ್ಳೆಯದು. ಊರಿಗೆ ಒತ್ತಿಕೊಂಡಿರುವ ಬೆಟ್ಟಸಾಲು ದೂರದಿಂದ ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ ಎಲ್ಲವನ್ನೂ ಬೆರಳು ಮಾಡಿ ತೋರಿಸಬಹುದು. ಜನರು ಇದನ್ನು ಮಲಗಿದ ಬುದ್ಧನೆಂದು ಕರೆಯುತ್ತಾರೆ. ಹೊತ್ತು ಮುಳುಗುವಾಗ ಆಕಾಶ ಕೆಂಪಾಗಿ ಬೆಟ್ಟ ಕಪ್ಪಾದಾಗ ಆ ರೂಪ ಇನ್ನೂ ಸ್ಪಷ್ಟವಾಗುತ್ತದೆ. ಬುದ್ಧನ ಹೆಸರು ಈ ಸೀಮೆಗೆ ಹೊಸದೇನೂ ಅಲ್ಲ. ಭೀಮೆಯ ಆಚೆಯ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಗುಡಿಯೊಂದರ ಮಾಳಿಗೆ ಕುಸಿದು, ವಿಗ್ರಹದ ಪೀಠದಲ್ಲಿ ಬಳಸಿದ್ದ ಅಶೋಕನ ಶಾಸನ ಹೊರಬಿತ್ತು. ಪಕ್ಕದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಮಹಾಸ್ತೂಪವೇ ದೊರೆಯಿತು. ಅಲ್ಲಿಯ ಒಂದು ಶಿಲ್ಪಫಲಕದಲ್ಲಿ ‘ರಾಯ ಅಸೋಕ’ ಎಂಬ ಬ್ರಾಹ್ಮೀ ಬರಹದ ಕೆಳಗೆ ಅಶೋಕನು ತನ್ನ ರಾಣಿಯೊಡನೆ ನಿಂತಿದ್ದಾನೆ. ಇನ್ನೊಂದು ದಿನದ ಬಿಡುವುಳ್ಳವರು ಅದನ್ನೂ ನೋಡಿ ಬರಬಹುದು. ಯುದ್ಧ ಗೆದ್ದ ಅರಸನನ್ನು ಕಲ್ಲುಕುಟಿಗನು ಹೆಂಡತಿಯ ಜೊತೆಗೆ ಕಡೆದಿಟ್ಟಿದ್ದಾನೆಂಬುದನ್ನು ಮರೆಯದೆ ಗಮನಿಸಿರಿ.

ಶಹಾಪುರದಲ್ಲಿ ಚರಬಸವೇಶ್ವರರ ಗದ್ದುಗೆಯ ದರ್ಶನ ಮಾಡಿಕೊಂಡು, ಬೆಳಗಿನ ತಂಪಿನಲ್ಲಿ ಸಮೀಪದ ವಿಭೂತಿಹಳ್ಳಿಗೆ ಹೋಗಬೇಕು. ಹೆಸರು ಕೇಳಿ ಅಲ್ಲೊಂದು ಮಠವಿರಬೇಕೆಂದು ಭಾವಿಸಬೇಡಿರಿ. ಅಲ್ಲಿರುವುದು ಬಯಲಿನಲ್ಲಿ ಸಾಲುಸಾಲಾಗಿ ಇಟ್ಟ ನೂರಾರು ದುಂಡು ಕಲ್ಲುಗಳು. ಸುಮಾರು 12 ಎಕರೆಯಷ್ಟು ನೆಲದಲ್ಲಿ, ಪಗಡೆಯ ಹಾಸಿನಂತೆ ಲೆಕ್ಕವಿಟ್ಟು, ಒಂದಕ್ಕೊಂದು ಸಮನಾದ ಅಂತರದಲ್ಲಿ ಆ ಕಲ್ಲುಗಳನ್ನು ಹೂಡಿದ್ದಾರೆ. ಇದು ಬೃಹತ್ ಶಿಲಾಯುಗದ ಕಾಲದ ಕೆಲಸ. ಈ ಸಾಲುಗಳ ದಿಕ್ಕಿಗೂ ಸೂರ್ಯನ ಉದಯಾಸ್ತಗಳಿಗೂ ಸಂಬಂಧವಿದೆಯೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಇಷ್ಟು ಕಲ್ಲುಗಳನ್ನು ಒಬ್ಬನು ಉರುಳಿಸಿ ತಂದಿರಲಾರನು. ಎಷ್ಟು ಮನೆಗಳ ಗಂಡಸರು ಹೆಂಗಸರು ಕೈಕೂಡಿಸಿದರೋ! ನಮ್ಮ ಶಿಕ್ಷಕ ದಂಪತಿಗಳು ಅಲ್ಲಿ ಒಂದು ಸಾಲಿನ ಕೊನೆಯಿಂದ ಇನ್ನೊಂದು ಕೊನೆಯವರೆಗೆ ಸುಮ್ಮನೆ ನಡೆದರಂತೆ. ನೆಲ ಸಮವಾಗಿತ್ತು, ಮೊಣಕಾಲು ನೋಯಲಿಲ್ಲ, ಯಾರೂ ಮುಂದಾಗಲಿಲ್ಲ.

ಅಲ್ಲಿಂದ ಸುರಪುರ. ನಾಲ್ಕೂ ಕಡೆ ಬೆಟ್ಟ ಕಟ್ಟಿಕೊಂಡು ನಡುವೆ ಕುಳಿತ ಈ ಊರು ಗೋಸಲ ವಂಶದ ನಾಯಕ ಅರಸರ ರಾಜಧಾನಿ. ಮೊಗಲರಿಗೂ ಆಂಗ್ಲರಿಗೂ ಎದುರು ನಿಂತ ಮನೆತನವದು. ವೇಣುಗೋಪಾಲಸ್ವಾಮಿಯ ಗುಡಿ, ಅರಮನೆ, ಹೊನ್ನಿನ ಬಣ್ಣ ಬಳಸಿದ ಸುರಪುರ ಶೈಲಿಯ ಚಿತ್ರಗಳು, ಪಕ್ಕದ ರಂಗಂಪೇಟೆ ಎಂದು ನೋಡಲು ಬಹಳವಿದೆ. ಆದರೆ ಗುಡ್ಡದ ಮೇಲಿನ ಒಂದು ಬಂಗಲೆಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಆಂಗ್ಲ ಅಧಿಕಾರಿಗಳು ಬಿಸಿಲಿಗೆ ಅಂಜಿ ದೂರದ ತಂಪು ಬೆಟ್ಟಗಳನ್ನು ಹುಡುಕಿಕೊಂಡು ಹೋದರು. 1820ರ ದಶಕದಲ್ಲಿ ಜಾನ್ ಸಲ್ಲಿವನ್ ಎಂಬಾತನು ಊಟಿಯಲ್ಲಿ ಮನೆ ಕಟ್ಟಿದ್ದು ಹೀಗೆಯೇ. 1841ರಲ್ಲಿ ಸುರಪುರಕ್ಕೆ ಬಂದ ಫಿಲಿಪ್ ಮೆಡೋಸ್ ಟೇಲರ್ ಮಾತ್ರ ಇಲ್ಲಿಯದೇ ಒಂದು ಗುಡ್ಡವನ್ನು ಆರಿಸಿಕೊಂಡು 1844ರಲ್ಲಿ ಬಂಗಲೆ ಕಟ್ಟಿದನು. ಅದೇ ಟೇಲರ್ ಮಂಜಿಲ್. 1853ರವರೆಗೆ ಆತನು ಈ ಸಂಸ್ಥಾನದ ಆಡಳಿತ ನೋಡಿಕೊಂಡನು. ಎಳೆಯ ರಾಜಾ ವೆಂಕಟಪ್ಪ ನಾಯಕರು ತನ್ನನ್ನು ‘ಅಪ್ಪಾ’ ಎನ್ನುತ್ತಿದ್ದರೆಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅದೇ ನಾಯಕರು 1858ರಲ್ಲಿ ಆಂಗ್ಲರ ವಿರುದ್ಧ ಎದ್ದರು. ಸೆರೆಯಲ್ಲಿದ್ದಾಗಲೇ ಗುಂಡೇಟಿನಿಂದ ಮೃತರಾದರು. 1860ರಲ್ಲಿ ಸಂಸ್ಥಾನ ನಿಜಾಮರ ಪಾಲಾಯಿತು.

ಗುಡ್ಡದ ಮೇಲೆ ನಿಂತು ಶಿಕ್ಷಕರು ಇದೆಲ್ಲವನ್ನೂ ಪತ್ನಿಗೆ ವಿವರಿಸುತ್ತಿದ್ದರಂತೆ. ಆಕೆ ಕೊನೆಯವರೆಗೂ ಕೇಳಿ, “ಸಾಲಿ ಬಿಟ್ಟು ಎರಡು ವರ್ಷ ಆದ್ರೂ ನೀವು ಪಾಠ ಬಿಟ್ಟಿಲ್ಲ ನೋಡ್ರಿ” ಎಂದರಂತೆ. ಬಳಿಕ, “ಆದ್ರ ನಿಮ್ಮ ಪಾಠ ನಾ ಕೇಳಿದ್ದು ಇದೇ ಮೊದಲ” ಎಂದೂ ಸೇರಿಸಿದರಂತೆ. ಸಾವಿರಾರು ಮಕ್ಕಳಿಗೆ ಇತಿಹಾಸ ಹೇಳಿದ ಗುರುಗಳು ತಮ್ಮ ಮನೆಯಲ್ಲಿ ಉಪ್ಪು ಹುಣಸೆಯ ಮಾತನ್ನು ಬಿಟ್ಟು ಬೇರೇನನ್ನೂ ಆಡಿರಲಿಲ್ಲ!

ಸುರಪುರದಿಂದ ಸುಮಾರು 10 ಕಿ.ಮೀ. ದೂರದಲ್ಲಿ ಬೋನಾಳ ಕೆರೆಯಿದೆ. ನಾಯಕ ಅರಸರ ಕಾಲದ ದೊಡ್ಡ ಕೆರೆಯದು, ಇಂದು ಪಕ್ಷಿಧಾಮವಾಗಿದೆ. ಚಳಿಗಾಲದಲ್ಲಿ ನೀರುಕೋಳಿ, ಬೆಳ್ಳಕ್ಕಿ, ಕೆಂಬರಲುಗಳ ಜೊತೆಗೆ ದೂರದೇಶದ ವಲಸೆ ಹಕ್ಕಿಗಳೂ ಇಲ್ಲಿಗೆ ಇಳಿಯುತ್ತವೆ. ಬೆಳಗಿನ ಏಳರೊಳಗೆ ಏರಿಯ ಮೇಲಿರಬೇಕು, ಗದ್ದಲ ಮಾಡಬಾರದು. ಶಿಕ್ಷಕರು ಮೊಬೈಲಿನಲ್ಲಿ ಚಿತ್ರ ತೆಗೆದು ಮಗನಿಗೆ ಕಳುಹಿಸಲು ಹೊರಟಾಗ ಸಂಪರ್ಕ ದೊರೆಯಲಿಲ್ಲವಂತೆ. ಅದೂ ಒಳ್ಳೆಯದೇ ಆಯಿತು. ಮಕ್ಕಳಿಗೆ ತೋರಿಸಬೇಕೆಂಬ ಅವಸರದಲ್ಲಿ ತಾವು ನೋಡುವುದನ್ನೇ ಮರೆಯುವವರು ಇಂದು ಎಲ್ಲೆಡೆಯೂ ಇದ್ದಾರೆ.

ಕೊನೆಯ ದಿನದ ಪಯಣ ಕೆಂಭಾವಿಯ ಕಡೆಯ ಮುದನೂರಿಗೆ. ದೇವರ ದಾಸಿಮಯ್ಯನವರ ಊರದು. ಆತನ ಆರಾಧ್ಯದೈವವಾದ ರಾಮನಾಥನ ಗುಡಿ ಅಲ್ಲಿದೆ. ಬಸವಣ್ಣನವರಿಗಿಂತ ಹಿಂದಿನವರಾದ ದಾಸಿಮಯ್ಯನವರು ನೇಯ್ಗೆಯ ಕಾಯಕದವರು. ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಇಬ್ಬರೂ ಒಬ್ಬರೇ, ಬೇರೆ ಬೇರೆಯೇ ಎಂಬ ಚರ್ಚೆ ವಿದ್ವಾಂಸರಲ್ಲಿ ಇದ್ದೇ ಇದೆ. ಭಕ್ತರು ಅದಕ್ಕಾಗಿ ದಾರಿ ತಪ್ಪಿಸಿಕೊಳ್ಳಬೇಕಾಗಿಲ್ಲ. ಇಲ್ಲಿ ಮುಖ್ಯವಾದದ್ದು ಅವರ ಪತ್ನಿ ದುಗ್ಗಳೆಯವರ ಕಥೆ. ಮಳಲು ಬೆರೆತ ಅಕ್ಕಿಯನ್ನೂ ಕಬ್ಬನ್ನೂ ಕೊಟ್ಟು, ನೀರು ಸೌದೆಗಳಿಲ್ಲದೆ ಪಾಯಸ ಮಾಡಬಲ್ಲ ಕನ್ಯೆಯನ್ನು ದಾಸಿಮಯ್ಯನವರು ಅರಸುತ್ತಿದ್ದರಂತೆ. ದುಗ್ಗಳೆ ಮಳಲನ್ನು ಬೇರ್ಪಡಿಸಿ, ಕಬ್ಬಿನ ಹಾಲನ್ನೇ ನೀರಾಗಿ, ಸಿಪ್ಪೆಯನ್ನೇ ಸೌದೆಯಾಗಿ ಬಳಸಿ ಅಡುಗೆ ಮಾಡಿದಳಂತೆ. ಈ ಕಥೆಯನ್ನು ಹೆಣ್ಣಿನ ಪರೀಕ್ಷೆಯ ಕಥೆಯೆಂದು ಎಲ್ಲರೂ ಹೇಳುತ್ತಾರೆ. ಮುಂದಿನದನ್ನೂ ಹೇಳಬೇಕು. ಆ ದುಗ್ಗಳೆ ಅಡುಗೆಮನೆಯಲ್ಲಿಯೇ ಉಳಿಯಲಿಲ್ಲ, ತಾನೂ ವಚನಕಾರ್ತಿಯಾದಳು. ಆಕೆಯ ಅಂಕಿತ ‘ದಾಸಯ್ಯಪ್ರಿಯ ರಾಮನಾಥ’. ಕೃಷ್ಣೆಯ ಆಚೆ, ಲಿಂಗಸೂಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮರಳಿ ಚೆಲ್ಲಿ ಬರಲು ಹೇಳಿದವಳು ಆಕೆ. ಹೆಂಡತಿಯು ಹೇಳಿದಳೆಂದು ಮಾರಯ್ಯನವರು ಕಿರಿದಾಗಲಿಲ್ಲ. ಒಂದೇ ಸೀಮೆಯ ಎರಡು ಶರಣ ಜೋಡಿಗಳು ಇವು. ಮಗ್ಗದಲ್ಲಿ ಹಾಸೂ ಬೇಕು, ಹೊಕ್ಕೂ ಬೇಕು. ಒಂದು ಇನ್ನೊಂದರ ಹಿಂದೆ ನಡೆದರೆ ಬಟ್ಟೆಯಾಗದು. ನೇಕಾರನ ಊರಿನಲ್ಲಿ ನಿಂತಾಗ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾವು ಬರೆದುಕೊಟ್ಟ ಹಾಳೆಯಲ್ಲಿ ತಿಂಥಣಿಯ ಮೌನೇಶ್ವರ, ಕೊಡೇಕಲ್ಲು, ಛಾಯಾಭಗವತಿ, ನಾರಾಯಣಪುರದ ಅಣೆಕಟ್ಟು ಇವೂ ಇದ್ದವು. ಅವನ್ನು ಅವರು ನೋಡಲಿಲ್ಲ. ‘ಉಳಿದದ್ದಕ್ಕ ಮುಂದಿನ ವರ್ಷ ಹೋಗ್ತೀವ್ರಿ’ ಎಂದು ಆ ತಾಯಿಯೇ ಹೇಳಿದರು. ಮೂವತ್ತೆಂಟು ವರ್ಷಗಳಲ್ಲಿ ಆಕೆ ತಾನಾಗಿ ಒಂದು ಪ್ರಯಾಣವನ್ನು ಗೊತ್ತುಮಾಡಿದ್ದು ಅದೇ ಮೊದಲೆಂದು ಶಿಕ್ಷಕರು ನಮಗೆ ತಿಳಿಸಿದರು.

ಇನ್ನು ಹೋಗಬಯಸುವವರಿಗಾಗಿ ಕೆಲವು ಸೂಚನೆಗಳು. ಕಾರಿಲ್ಲವೆಂದು ಹಿಂಜರಿಯಬೇಡಿರಿ. ಯಾದಗಿರಿಯು ಮುಂಬಯಿ–ಚೆನ್ನೈ ರೈಲುದಾರಿಯಲ್ಲಿದೆ. ಅಲ್ಲಿಂದ ಶಹಾಪುರ, ಸುರಪುರಗಳಿಗೆ ಸಾರಿಗೆ ಬಸ್ಸುಗಳು ದೊರೆಯುತ್ತವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದಂದಿನಿಂದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಟಿಕೆಟ್ಟಿನ ಚಿಂತೆಯೂ ಇಲ್ಲ. ಯಜಮಾನರು ತಮ್ಮದೊಂದನ್ನು ಕೊಂಡರೆ ಸಾಕು. ಚೈತ್ರ ವೈಶಾಖಗಳಲ್ಲಿ ಹೋಗಬಾರದು. ಗುಡ್ಡ ಹತ್ತುವುದಾದರೆ ಹತ್ತು ಗಂಟೆಯೊಳಗೆ ಹತ್ತಿ ಇಳಿಯಬೇಕು. ಕುಡಿಯುವ ನೀರು ಕೈಯಲ್ಲಿರಲಿ, ಕಾಲಲ್ಲಿ ಗಟ್ಟಿ ಚಪ್ಪಲಿಯಿರಲಿ. ಬುತ್ತಿ ಒಂದು ದಿನಕ್ಕೆ ಸಾಕು. ಮುಂದೆ ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಸಿಗುತ್ತವೆ. ನಾಲ್ಕು ದಿನ ಬೇರೆಯವರು ಬಡಿದ ರೊಟ್ಟಿ ಉಣ್ಣುವ ಸುಖವನ್ನು ಮನೆಯಾಕೆಗೆ ತಪ್ಪಿಸಬೇಡಿರಿ. ದಿನಕ್ಕೆ ಎರಡು ಸ್ಥಳಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿರಿ. ಇಬ್ಬರಲ್ಲಿ ಯಾರ ನಡಿಗೆ ಮೆಲ್ಲನೆಯದೋ ಅದೇ ಇಬ್ಬರ ನಡಿಗೆಯಾಗಲಿ. ಕೋಟೆಯ ಕಲ್ಲಿನ ಮೇಲೆ ಹೆಸರು ಕೆತ್ತುವ ಹರೆಯದ ಜೋಡಿಗಳನ್ನು ಕಂಡರೆ ಬೈಯದೆ ತಿಳಿಹೇಳಿರಿ. ಪ್ಲಾಸ್ಟಿಕ್ ಚೀಲಗಳನ್ನು ಕೆರೆಯ ಏರಿಯ ಮೇಲೆ ಬಿಟ್ಟು ಬರಬೇಡಿರಿ.

ಮಕ್ಕಳಿಗೂ ಒಂದು ಮಾತು. ತಂದೆತಾಯಿಗಳಿಗೆ ಹಣ ಕಳುಹಿಸುವುದು ಒಳ್ಳೆಯದು. ಅದಕ್ಕಿಂತ ಒಳ್ಳೆಯದು ನಾಲ್ಕು ದಿನ ಬಂದು ಮನೆ, ದನ, ಹೊಲ ನೋಡಿಕೊಂಡು ಅವರನ್ನು ಕಳುಹಿಸಿಕೊಡುವುದು. ಹಿಂದಿನ ಕಾಳಜಿ ಇದ್ದವರಿಗೆ ಮುಂದಿನ ಬೆಟ್ಟ ಕಾಣುವುದಿಲ್ಲ.

ಈ ಸಂಚಿಕೆಯನ್ನು ಓದಿ ಮಡಿಚಿಟ್ಟ ಮೇಲೆ ನಮ್ಮ ಹಿರಿಯ ಗೃಹಸ್ಥರು ಒಂದು ಕೆಲಸ ಮಾಡಬೇಕೆಂದು ಬೇಡುತ್ತೇವೆ. ಮನೆಯಾಕೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ‘ನಿನಗೆ ಎಲ್ಲಿಗೆ ಹೋಗಬೇಕೆಂದಿತ್ತು’ ಎಂದು ಕೇಳಿರಿ. ‘ಎಲ್ಲಿಗೂ ಬೇಡ, ನೀವು ಹೇಳಿದಲ್ಲಿಗೆ’ ಎಂಬ ಉತ್ತರವೇ ಮೊದಲು ಬಂದೀತು. ಅದನ್ನು ಒಪ್ಪಿಕೊಂಡು ಏಳಬೇಡಿರಿ. ಇನ್ನೊಂದು ಸಲ ಕೇಳಿ, ಸುಮ್ಮನೆ ಕಾಯಿರಿ.